ಸಿಮೆಂಟಿನ ಮೂಟೆ

ನನ್ನ ಬಾಗಿಲ ಬಳಿ ಒಂದು ಕಲ್ಲಿದೆ.
ಕಲ್ಲಲ್ಲ, ಸಿಮೆಂಟಿನ ಮೂಟೆ.
ಚೀಲ ಎಂದೋ ಹರಿದುಹೋಯಿತು,
ಅದರ ನೇಯ್ಗೆ ಮಾತ್ರ ಮೈಮೇಲೆ ಅಚ್ಚೊತ್ತಿ ಉಳಿದಿದೆ,
ಕಟ್ಟಿದ ಬಾಯಿಯ ನೆರಿಗೆ ಕೂಡ.

ಬೆಲಿಸಾರಿಯೊ ಇಳಿಸಿ ಹೋದದ್ದು.
ಅರ್ಧ ದುಡ್ಡು ಮುಂಗಡ ಎಣಿಸಿಕೊಂಡು
"ನಾಳೆ ಮರಳು ಬರುತ್ತೆ" ಎಂದ.
ಆ ನಾಳೆಯ ಮೇಲೆ ಎರಡು ಚಳಿಗಾಲದ ಮಳೆ ಹೊಯ್ದು
ಮೂಟೆ ತನ್ನ ಪಾಡಿಗೆ ತಾನು ಕಲ್ಲಾಯಿತು.
ಎತ್ತಿ ಎಸೆಯಲು ಇಬ್ಬರು ಬೇಕು;
ಮನೆಯಲ್ಲಿರುವುದು ನಾನು, ನನ್ನಕ್ಕ, ಅಕ್ಕನ ಸೊಂಟನೋವು.
ಹಾಗಾಗಿ ಈಗ ಅದೇ ಜಗಲಿ.
ಬಂದ ಮೇಸ್ತ್ರಿಗಳನ್ನೆಲ್ಲ ಅದರ ಮೇಲೇ ಕೂರಿಸುತ್ತೇನೆ.

ಕಡಲ ಕಡೆಯ ಗೋಡೆ ಕೊಳೆಯುತ್ತಿದೆ.
ವಾಲ್ಪರೈಸೊದ ಗುಡ್ಡದ ಮನೆಗಳ ಕಥೆಯೇ ಅಷ್ಟು:
ಹೊರಗೆ ತಗಡು, ತಗಡಿನ ಮೇಲೆ ಹಳದಿ ಬಣ್ಣ,
ಒಳಗೆ ಗೆದ್ದಲು.
ಪ್ರವಾಸಿಗರು ಬಣ್ಣದ ಫೋಟೊ ತೆಗೆದುಕೊಂಡು ಹೋಗುತ್ತಾರೆ.

ನಾನು ಶಾಲೆಯ ಸಮವಸ್ತ್ರ ಹೊಲಿಯುವವಳು.
ಕೊಳ್ಳುವವರು ಅಂಗಿಯ ಎದೆ ನೋಡುತ್ತಾರೆ,
ಹೊಲಿಯುವವರು ಕಂಕುಳು ಮಗುಚಿ ನೋಡುತ್ತಾರೆ.
ಮನುಷ್ಯರನ್ನು ಮಗುಚಿ ನೋಡುವುದು ಹೇಗೆ?

ಮೊದಲು ಬಂದವನ ಬೂಟು ಹೊಳೆಯುತ್ತಿತ್ತು.
ಗೋಡೆಗೆ ಬೆನ್ನು ಹಾಕಿಯೇ ಬೆಲೆ ಹೇಳಿದ.
ಫೋನಿನಲ್ಲಿ ಒಂದು ಅಡುಗೆಮನೆ ತೋರಿಸಿದ,
ಎಷ್ಟು ಚಂದವೆಂದರೆ
ಅಲ್ಲಿ ಯಾರೂ ಅಡುಗೆ ಮಾಡಿದ ಹಾಗಿರಲಿಲ್ಲ.
"ಯಾರ ಮನೆ?" ಎಂದೆ. "ಗಿರಾಕಿಯದ್ದು."
"ಯಾವ ಗುಡ್ಡ?" ಎಂದೆ. ಗಡಿಯಾರ ನೋಡಿಕೊಂಡ.

ಇನ್ನೊಬ್ಬ ಅದರ ಅರ್ಧಕ್ಕೇ ಸಿದ್ಧ.
ಅಕ್ಕ ಒಳಗಿನಿಂದ ಕೆಮ್ಮಿ ಕೆಮ್ಮಿ ಒಪ್ಪಿಕೋ ಎಂದಳು.
ಸುಳ್ಳೇಕೆ, ನನಗೂ ಆಸೆಯಾಯಿತು.
ಆ ದುಡ್ಡಿಗೆ ನಾನಾದರೆ ಗುಂಡಿ ಹಾಕಿಕೊಟ್ಟೇನು,
ಅಂಗಿಯನ್ನಲ್ಲ ಎಂದು ನೆನಪಾಗಿ
ಚಹಾ ಕೊಟ್ಟು ಕಳಿಸಿದೆ.

ಅಬ್ದೊನ್ ಬಂದದ್ದು ಹೇಳಿದ ದಿನದ ಮರುದಿನ.
ಮೂಟೆಯ ಮೇಲೆ ಕೂರಲಿಲ್ಲ, ಸವರಿ ನೋಡಿ
"ನಮ್ಮವನೇ ಯಾರೋ" ಎಂದ, ನಾಚಿದವನಂತೆ.
ಒಳಗೆ ಬಂದು ಗೋಲಿ ಕೇಳಿದ.
ಗೋಲಿ ಎಲ್ಲಿಂದ ತರಲಿ? ನೂಲಿನ ರೀಲು ಕೊಟ್ಟೆ.
ನೆಲಕ್ಕಿಟ್ಟು ಕೈಬಿಟ್ಟ.
ಅದು ಕಪ್ಪು ದಾರ ಬಿಡುತ್ತ ಬಿಡುತ್ತ
ಹೊಲಿಗೆ ಯಂತ್ರದ ಕಾಲು ಬಳಸಿ
ಕಡಲ ಕಡೆಯ ಮೂಲೆಗೆ ಹೋಗಿ ನಿಂತಿತು.
ಅಲ್ಲೇ ಮಂಡಿಯೂರಿದ. ಗೆಣ್ಣಿನಿಂದ ತಟ್ಟಿದ. ಕಿವಿಯಿಟ್ಟ.
"ಎಷ್ಟಾಗುತ್ತೆ?"
"ಗೊತ್ತಿಲ್ಲ. ಒಂದು ತಗಡು ಬಿಚ್ಚಿದರೆ ಹೇಳಬಹುದು."
ಹದಿನಾಲ್ಕು ವರ್ಷದಲ್ಲಿ ಈ ಮನೆಯೊಳಗೆ
ಯಾವ ಗಂಡಸೂ ಗೊತ್ತಿಲ್ಲ ಎಂದದ್ದು ನನಗೆ ನೆನಪಿಲ್ಲ.

ಆದರೂ ಬರೀ ಗೊತ್ತಿಲ್ಲದ ಮೇಲೆ ಗೋಡೆ ನಿಲ್ಲುವುದಿಲ್ಲ.
ಭಾನುವಾರ ಚಿಟ್ಟೆಗಳ ಗುಡ್ಡ ಹತ್ತಿದೆ,
ಇನ್ನೂರ ಮೂವತ್ತು ಮೆಟ್ಟಿಲು,
ಏಳು ವರ್ಷದ ಹಿಂದೆ ಅವನು ದುಡಿದ ಮನೆಗೆ.
ಒತಿಲಿಯಾ ಬಾಗಿಲಲ್ಲೇ ದೂರು ಶುರು ಮಾಡಿದಳು:
ಮುಂಗೋಪಿ. ಸೋಮವಾರ ಫೋನ್ ಎತ್ತುವುದಿಲ್ಲ.
ಮೂರು ವಾರ ಎಂದವನು ಐದು ವಾರ ಮಾಡಿದ.
ನನ್ನ ಬ್ರೆಡ್ಡು ಹಾಕಿ ಹಾಕಿ ನಾಯಿಯನ್ನು ಕೆಡಿಸಿದ.
ಹೇಳುತ್ತ ಹೇಳುತ್ತ ಒಂದೇ ಬೆರಳಿನಿಂದ ಕಿಟಕಿ ಮುಚ್ಚಿದಳು.
ಗಾಳಿಯ ಸದ್ದು ಕತ್ತರಿಸಿದ ಹಾಗೆ ನಿಂತಿತು.
"ಆ ವರ್ಷ ಮೊದಲ ಬಡಗಣ ಗಾಳಿ ಎದ್ದ ರಾತ್ರಿ
ಟಾರ್ಚು ಹಿಡಿದು ಬಂದುಬಿಟ್ಟ, ಕರೆಯದೆ,
ಸೋರುತ್ತಿದೆಯಾ ನೋಡಲು."
"ಸೋರುತ್ತಿತ್ತಾ?"
"ಸ್ವಲ್ಪ," ಎಂದಳು,
ಅದನ್ನೂ ದೂರಿನ ಪಟ್ಟಿಗೆ ಸೇರಿಸುವವಳಂತೆ.

ಅಳತೆ ಕತ್ತರಿಸುವ ಹಾಳೆಯ ಹಿಂಬದಿಯಲ್ಲಿ ಬರೆದೆ:
ಮರ ಬಂದಾಗ ಇಷ್ಟು, ಗೋಡೆ ಎದ್ದಾಗ ಇಷ್ಟು,
ಕೊನೆಯದ್ದು ಒಂದು ಮಳೆ ಕಳೆದ ಮೇಲೆ.
ಅಬ್ದೊನ್ ಓದಿದ. ಪೆನ್ನು ಇಸಿದುಕೊಂಡು
'ಒಂದು' ಎಂಬುದನ್ನು ಹೊಡೆದು 'ಎರಡು' ಎಂದು ತಿದ್ದಿದ.

ಇವತ್ತು ಸೋಮವಾರ.
ಎಂಟಕ್ಕೆ ಎಂದಿದ್ದ. ಎಂಟೂವರೆ.
ಫೋನ್ ಎತ್ತುತ್ತಿಲ್ಲ.
ಮೂಟೆಯ ಮೇಲೆ ಮೊದಲ ಸಲ ನಾನೇ ಕೂತಿದ್ದೇನೆ. ತಣ್ಣಗಿದೆ.
ಕೆಳಗೆಲ್ಲೋ, ಮೆಟ್ಟಿಲ ತಿರುವಿನಲ್ಲಿ,
ಯಾರೋ ಉದ್ದನೆಯ ಹಲಗೆ ಹೊತ್ತು ಏರುತ್ತಿದ್ದಾರೆ.
ಕಂಬಿಗೆ ಟಕ್ ಎಂದು ತಾಗುತ್ತದೆ,
ನಿಲ್ಲುತ್ತದೆ,
ಮತ್ತೆ ತಾಗುತ್ತದೆ.
ಈ ಗುಡ್ಡದಲ್ಲಿ ಕೊಳೆಯುವ ಗೋಡೆಗಳು ಬಹಳ.
ಎಣಿಸುತ್ತಿದ್ದೇನೆ.